ಕೆಳದವಡೆಯ ಬಾರ್‌ಗೆ ಯಾವುದು? ಟೈಟೇನಿಯಮ್, ಕೋಬಾಲ್ಟ್ ಕ್ರೋಮ್, ಪೀಕ್, ಜಿರ್ಕೋನಿಯಾ

ಶಿರಸಿ ಕಡೆ ಕೆಳಗಿನ ಹಲ್ಲಿನ ಸೆಟ್ ಹಾಕಿಸಿಕೊಂಡವರಿಂದ ಹೆಚ್ಚಾಗಿ ಕೇಳುವ ದೂರು ಒಂದೇ: ಕವಳ (ಎಲೆ ಅಡಿಕೆ) ಹಾಕಿದ ಕೂಡಲೇ ಸೆಟ್ ಎದ್ದು ಬರುತ್ತದೆ. ಅದಕ್ಕೇ ದವಡೆ ಮೂಳೆಯೊಳಗೆ ನಾಲ್ಕು ಇಂಪ್ಲಾಂಟ್ (ಸ್ಕ್ರೂ ಥರದ ಕೃತಕ ಬೇರು) ಕೂರಿಸಿ, ಬಾರ್ ಎಂಬ ಪಟ್ಟಿಯಿಂದ ಜೋಡಿಸಿ, ಮೇಲೆ ಹಲ್ಲು ಕಟ್ಟುತ್ತೇವೆ. ಹಿಂದೆ ನರ ಇರುವುದರಿಂದ ಇಂಪ್ಲಾಂಟ್ ಸಾಮಾನ್ಯವಾಗಿ ಮುಂದೆಯೇ ಬರುತ್ತವೆ. ದವಡೆ ಹಲ್ಲಿನ ಜಾಗದಲ್ಲಿ ಬಾರ್ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ.

ಒಂದೇ ಮಾದರಿಯಲ್ಲಿ ಬಾರ್‌ನ ವಸ್ತು ಮಾತ್ರ ಬದಲಿಸಿ ಫೈನೈಟ್ ಎಲಿಮೆಂಟ್ ಲೆಕ್ಕ ಹಾಕಿ ನೋಡಿದೆ. ಅಂದರೆ ಮಾದರಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಎಲ್ಲಿ ಎಷ್ಟು ಒತ್ತಡ ಬೀಳುತ್ತದೆ ಎಂದು ಕಂಪ್ಯೂಟರ್‌ನಲ್ಲಿ ನೋಡುವುದು. ಕವಳ ಒಂದೇ ಬದಿಯಲ್ಲಿ ಅಗಿಯುವವರೇ ಜಾಸ್ತಿ ಅಲ್ವಾ, ಹಾಗಾಗಿ 100 ನ್ಯೂಟನ್ ಭಾರವನ್ನೂ, ಅಂದರೆ ಸುಮಾರು 10 ಕಿಲೋ, ಒಂದೇ ಬದಿಗೆ ಕೊಟ್ಟೆ.

ಬಾಗದೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಹೇಳುವ ಅಂಕಿ (ಜಾಸ್ತಿ ಇದ್ದಷ್ಟು ಬಾಗುವುದು ಕಡಿಮೆ) ಟೈಟೇನಿಯಮ್‌ಗೆ ಸುಮಾರು 110 ಗಿಗಾಪಾಸ್ಕಲ್. ಕೋಬಾಲ್ಟ್ ಕ್ರೋಮ್ ಎಂಬ ಮಿಶ್ರಲೋಹಕ್ಕೆ ಅದರ ಎರಡರಷ್ಟು. ಪೀಕ್ ಎಂಬ ಪ್ಲಾಸ್ಟಿಕ್‌ಗೆ ಬರೀ 4ರ ಆಸುಪಾಸು.

ಪೀಕ್ ಪರವಾಗಿ ಹೇಳುವವರ ಮಾತು: ಮೆತ್ತಗಿದೆ, ಶಾಕ್ ಅಬ್ಸಾರ್ಬರ್ ಥರ, ಮೂಳೆಗೆ ಹಿತ. ನನ್ನ ಪರದೆಯಲ್ಲಿ ಉಲ್ಟಾ ಬಂತು. ಬಾರ್ ಮಾತ್ರ ನೀಲಿಯಾಗಿ, ಅಂದರೆ ಕಡಿಮೆ ಒತ್ತಡದಲ್ಲಿ, ಆರಾಮಾಗಿತ್ತು. ಆದರೆ ಅದು ಬಾಗಿ, ಭಾರದ ಬಹುಪಾಲು ಆ ಬದಿಯ ಕೊನೆಯ ಇಂಪ್ಲಾಂಟ್ ಮೇಲೆ ಬಿತ್ತು. ಅದರ ಕುತ್ತಿಗೆಯ ಸುತ್ತಲ ಮೂಳೆ ಕೆಂಪಾಯಿತು, ಅಂದರೆ ಅಲ್ಲಿ ಒತ್ತಡ ಜಾಸ್ತಿ. ಇದು ನಿಂತ ಭಾರದ ಲೆಕ್ಕ, ಅಡಿಕೆ ಹೋಳು ಕಟಕ್ಕನೆ ಕಡಿದಾಗಿನ ಏಟು ಇದರಲ್ಲಿಲ್ಲ. ಆ ಮಟ್ಟಿಗೆ ಪೀಕ್‌ಗೆ ಪೂರ್ತಿ ನ್ಯಾಯ ಸಿಕ್ಕಿಲ್ಲ. ಆದರೂ ಉದ್ದ ಚಾಚಿದ ಬಾರ್‌ಗೆ ನಾನು ಅದನ್ನು ಹಾಕುವುದಿಲ್ಲ.

ಕೋಬಾಲ್ಟ್ ಕ್ರೋಮ್ ಹೆಚ್ಚಿನ ಒತ್ತಡವನ್ನು ತನ್ನಲ್ಲೇ ಇಟ್ಟುಕೊಂಡು, ಉಳಿದದ್ದನ್ನು ಬೇರೆ ಇಂಪ್ಲಾಂಟ್‌ಗಳಿಗೂ ಹಂಚಿತು. ಟೈಟೇನಿಯಮ್ ಅದಕ್ಕೆ ತೀರಾ ಹತ್ತಿರ. ತೂಕದಲ್ಲಿ ಮಾತ್ರ ಹೆಚ್ಚುಕಮ್ಮಿ ಅರ್ಧ. ಎರಕ ಹೊಯ್ದ ಕೋಬಾಲ್ಟ್ ಕ್ರೋಮ್ ಅಗ್ಗ, ಆದರೆ ಉದ್ದ ಬಾರ್ ಎರಕದಲ್ಲಿ ಸ್ವಲ್ಪ ತಿರುಚಿದರೂ ಸ್ಕ್ರೂ ಬಿಗಿಯುವಾಗಲೇ ಮೂಳೆಗೆ ಎಳೆತ ಶುರು. ಕಂಪ್ಯೂಟರ್‌ನಲ್ಲಿ ಎಲ್ಲವೂ ಸುಮ್ನೆ ಸರಿಯಾಗಿ ಕೂತಿರುತ್ತದೆ, ಬಾಯಲ್ಲಿ ಹಾಗಲ್ಲ.

ಜಿರ್ಕೋನಿಯಾ ಎಂಬ ಸೆರಾಮಿಕ್ ಅಂಕಿಯಲ್ಲಿ ಕೋಬಾಲ್ಟ್ ಕ್ರೋಮ್ ಜೊತೆಗೇ ನಿಂತಿತು. ಈ ಲೆಕ್ಕಕ್ಕೆ ಬಿರುಕು ಅಂದರೆ ಗೊತ್ತಿಲ್ಲ. ಲೋಹ ಮೊದಲು ಬಾಗುತ್ತದೆ, ಇದು ನೇರ ಒಡೆಯುತ್ತದೆ. ಹಾಗಾಗಿ ಆ ಚಂದದ ಬಣ್ಣ ನೋಡಿ ನಾನು ನಂಬಲಿಲ್ಲ.

ಕೊನೆಗೆ ಚಾಚಿದ ಭಾಗವನ್ನೇ ಒಂದು ಹಲ್ಲಿನಷ್ಟು ಕಡಿಮೆ ಮಾಡಿ, ಭಾರವನ್ನೂ ಅಷ್ಟೇ ಮುಂದಕ್ಕೆ ತಂದೆ. ಮೂಳೆಯ ಒತ್ತಡ ಇಳಿದದ್ದು ಲೋಹ ಬದಲಿಸಿದಾಗಿನದಕ್ಕಿಂತ ಜಾಸ್ತಿ. ಈಗ ಕವಳ ಬಿಡದವರಿಗೆ ಟೈಟೇನಿಯಮ್ ಬಾರ್, ಅದೂ ಮೊದಲ ದವಡೆ ಹಲ್ಲಿಗೇ ಮುಗಿಸುತ್ತೇನೆ. ಹಿಂದಿನ ಹಲ್ಲೂ ಬೇಕೇ ಬೇಕು ಎನ್ನುವವರ ಜೊತೆ ಒಂದಿಷ್ಟು ವಾದ ಇದ್ದೇ ಇದೆ.