ಊಟಕ್ಕೆ ಶಹಬ್ಬಾಸ್, ಮದ್ಯದ ಗಾಡಿಗೆ ಸೊನ್ನೆ

ಅಬಕಾರಿ ಇಲಾಖೆಯಲ್ಲಿ ನೌಕರಿ ಮುಗಿಸಿ ನಿವೃತ್ತನಾದವನು ನಾನು. ವಿಮಾನ ಹತ್ತಿದರೂ ಮೊದಲು ಕಣ್ಣು ಹೋಗುವುದು ಯಾರು, ಯಾರಿಗೆ, ಎಷ್ಟು ಸುರಿಯುತ್ತಿದ್ದಾರೆ ಎಂಬುದರ ಮೇಲೆ. ಹಾಗಾಗಿ ಇಲ್ಲಿ ಸೀಟು, ಸಿನಿಮಾ ಪರದೆಯ ಮಾತು ಕಡಿಮೆ. ಯುರೋಪಿನಲ್ಲಿರುವ ಮಗಳ ಮನೆಯಿಂದ ಬೆಂಗಳೂರಿಗೆ ಮರಳುವಾಗಿನ ರಾತ್ರಿಯ ವಿಮಾನ, ಎಕಾನಮಿ ದರ್ಜೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಕಾಲು ಚಾಚಲು ಜಾಗವಿತ್ತು, ಶೌಚಾಲಯ ಶುಚಿಯಾಗಿತ್ತು. ಮುಂಚೆಯೇ ಕೇಳಿದ್ದ ಸಸ್ಯಾಹಾರ, ಸೀಟಿನ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಎಲ್ಲರಿಗಿಂತ ಮೊದಲು ಬಂತು. ಪಲಾವ್ ಬಿಸಿಯಾಗಿತ್ತು, ರಾಜ್ಮಾ ಹದವಾಗಿ ಬೆಂದಿತ್ತು.

ಇನ್ನು ಮದ್ಯದ ಗಾಡಿಯ ವಿಷಯ. ಪಕ್ಕದ ಸೀಟಿನ ಆಸಾಮಿ ಹತ್ತುವಾಗಲೇ ಏರುದನಿಯಲ್ಲಿದ್ದ. ನಿಲ್ದಾಣದಲ್ಲೇ ಶುರುಮಾಡಿದ್ದೆನೆಂದು ನಗುನಗುತ್ತಾ ಹೇಳಿಕೊಂಡ. ಗಗನಸಖಿಗೂ ಅದು ಕೇಳಿಸಿತು. ಆದರೂ ಆತ ವಿಸ್ಕಿ ಕೇಳಿದಾಗ, ಮತ್ತೆ ಕರೆಯುವ ತೊಂದರೆ ಬೇಡವೆಂದು ಆಕೆ 50 ಎಂ.ಎಲ್.ನ ಎರಡು ಪುಟ್ಟ ಬಾಟಲಿಗಳನ್ನು ಒಟ್ಟಿಗೇ ಇಟ್ಟು ಮುಂದೆ ಹೋದರು. ಊಟದ ಜೊತೆಗೆ ವೈನ್ ಬಂತು. ವೈನ್ ಎಂದರೆ ಹಗುರ ಎಂದು ಜನ ತಿಳಿಯುತ್ತಾರೆ, ಆದರೆ ವಿಮಾನದಲ್ಲಿ ಕೊಡುವ ವೈನಿನ ಬಾಟಲಿ 187 ಎಂ.ಎಲ್.ನದು. ಶೇ 13ರ ಲೆಕ್ಕದಲ್ಲಿ ಅದರಲ್ಲಿರುವ ಮದ್ಯಸಾರ 24 ಎಂ.ಎಲ್., ಶೇ 40ರ ಪುಟ್ಟ ವಿಸ್ಕಿ ಬಾಟಲಿಯಲ್ಲಿರುವುದು 20. ಎಲ್ಲ ಕೂಡಿದರೆ ನಮ್ಮೂರಿನ ಶೇ 42.8ರ ವಿಸ್ಕಿಯ 180 ಎಂ.ಎಲ್. ಕ್ವಾರ್ಟರ್‌ಗೆ 30 ಎಂ.ಎಲ್. ವಿಸ್ಕಿ ಮಾತ್ರ ಕಡಿಮೆ. ಇನ್ನೂ ತಟ್ಟೆ ಎತ್ತಿರಲಿಲ್ಲ, ದೀಪ ಆರಿಸಿರಲಿಲ್ಲ.

ನಮ್ಮದು ಮಧ್ಯದ ಸಾಲು, ಎರಡೂ ಬದಿಗೆ ಓಡಾಡುವ ದಾರಿ. ಈ ಕಡೆಯ ಗಾಡಿ ಹೋದ ಮೇಲೆ ಆಸಾಮಿ ಆ ಕಡೆಯ ಗಾಡಿಗೆ ಕೈಚಾಚಿದ. ಅಲ್ಲಿಯೂ ಸಿಕ್ಕಿತು. ಬಳಿಕ ಹಿಂಬದಿಯ ಅಡುಗೆ ಕಟ್ಟೆಗೆ ಹೋಗಿ ಬರತೊಡಗಿದ, ಒಮ್ಮೆಯೂ ಬರಿಗೈಯಲ್ಲಿ ಬರಲಿಲ್ಲ. ನಡುರಾತ್ರಿ ಆ ಬದಿಯಲ್ಲಿ ಕುಳಿತಿದ್ದ ಯುವತಿಯ ಮೈಮೇಲೆ ವಾಲಿ, ಲೋಟವನ್ನು ಆಕೆಯ ಮಡಿಲಿಗೆ ಚೆಲ್ಲಿ, ಕೇಳಿದ್ದಕ್ಕೆ ಹೊಲಸು ಬೈದ. ಸಿಬ್ಬಂದಿ ಓಡಿಬಂದು ಎಬ್ಬಿಸಿದ್ದು ಆ ಹುಡುಗಿಯನ್ನು. ಒದ್ದೆ ಬಟ್ಟೆಯಲ್ಲೇ ಆಕೆಯನ್ನು ಶೌಚಾಲಯದ ಪಕ್ಕದ ಕೊನೆಯ ಸಾಲಿಗೆ ಕಳುಹಿಸಿದರು. ಆಸಾಮಿ ಎರಡು ಸೀಟು ತನ್ನದಾಗಿಸಿಕೊಂಡು ಗೊರಕೆ ಹೊಡೆದ.

ಲೆಕ್ಕ ಇಡುವವರು ಯಾರಮ್ಮ ಎಂದು ಹಿರಿಯ ಪರಿಚಾರಕಿಯನ್ನು ಕೇಳಿದೆ. "ಸರ್, ಆ ಕಡೆಯವರು ಎಷ್ಟು ಕೊಟ್ಟರೆಂದು ನಮಗೆ ತಿಳಿಯುವುದಿಲ್ಲ" ಎಂದರು. ಆಕೆ ಸುಳ್ಳು ಹೇಳಲಿಲ್ಲ, ಅದೇ ಆ ಕಂಪನಿಯ ರೋಗ. ನಮ್ಮ ಸಿಎಲ್-9 ಪರವಾನಗಿಯ ಬಾರ್‌ಗಳಲ್ಲಿ ಸಪ್ಲೈಯರ್ ಟೇಬಲ್‌ವಾರು ಬರೆದಿಡುತ್ತಾನೆ, ಬರೆಯದಿದ್ದರೆ ಬಿಲ್ ಆಗುವುದಿಲ್ಲ. ಇಲ್ಲಿ ಎಲ್ಲ ಬಿಟ್ಟಿ, ಬಿಲ್ ಇಲ್ಲ, ಆದ್ದರಿಂದ ಲೆಕ್ಕವೂ ಇಲ್ಲ. ಬಾರ್‌ನಲ್ಲಿ ಗಲಾಟೆಯಾದರೆ ಪಕ್ಕದವನು ಎದ್ದು ಹೊರಗೆ ಹೋಗಬಹುದು, ವಿಮಾನದಲ್ಲಿ ಎಲ್ಲಿಗೆ ಹೋದಾನು? ನನಗೆ ಪಲಾವ್ ತಂದವರ ಬಳಿ ಸೀಟುವಾರು ಪಟ್ಟಿ ಇತ್ತು. ಅದೇ ಪಟ್ಟಿಯಲ್ಲಿ ಪಕ್ಕದ ಸೀಟಿನ ಮುಂದೆ ಬಾಟಲಿಗೊಂದು ಗೀಟು ಎಳೆಯಲು ಎಷ್ಟು ಹೊತ್ತು ಬೇಕು?

ನಾನೇನೂ ಪಾನವಿರೋಧಿಯಲ್ಲ, ಅಂದು ನಾನೂ ಒಂದು ಬಿಯರ್ ಕುಡಿದೆ. ಮೂವತ್ತೈದು ಸಾವಿರ ಅಡಿ ಮೇಲೆ, ಪೊಲೀಸರಿಲ್ಲದ ಕಡೆ, ಕುಡಿದವನಿಗೆ ಇಲ್ಲ ಎನ್ನುವುದು ಆ ಹುಡುಗಿಯರಿಗೆ ಎಷ್ಟು ಕಷ್ಟವೆಂದೂ ಬಲ್ಲೆ. ಹಾಗಿರುವುದರಿಂದಲೇ ಏಳನೆಯ ಬಾಟಲಿಗೆ ಕಾಯದೆ ಮೂರನೆಯದಕ್ಕೇ ತಡೆಯಬೇಕು.

ಅಮೆರಿಕದ ವಿಮಾನಯಾನ ನಿಯಮ ಈ ಹೊಣೆಯನ್ನು ನೇರವಾಗಿ ಕಂಪನಿಯ ತಲೆಗೇ ಕಟ್ಟಿದೆ: ಅಮಲೇರಿದಂತೆ ಕಾಣುವವರಿಗೆ ಮದ್ಯ ಕೊಡುವಂತಿಲ್ಲ. ಮತ್ತಿನಲ್ಲಿದ್ದವನಿಗೆ ಇನ್ನಷ್ಟು ಕೊಟ್ಟರು, ಆತ ನನ್ನ ಮೈಮೇಲೆ ಕೈ ಹಾಕಿದ ಎಂಬ ಪ್ರಯಾಣಿಕನ ದಾವೆಯನ್ನು ಕೆಳಗಿನ ಕೋರ್ಟ್ ವಜಾ ಮಾಡಿದ್ದಾಗ, 2000ರಲ್ಲಿ ಬಾಸ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮರುಜೀವ ಕೊಟ್ಟಿತು. ನಮ್ಮಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಕುಡಿದು ಅಸಭ್ಯವಾಗಿ ವರ್ತಿಸುವುದು ಮೊದಲ ಹಂತದ ತಪ್ಪು, ಅಂಥ ಪ್ರಯಾಣಿಕನಿಗೆ 3 ತಿಂಗಳವರೆಗೆ ನಿಷೇಧ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ಕುಡಿದವನೊಬ್ಬ ವೃದ್ಧೆಯ ಮೇಲೆ ಮೂತ್ರ ಮಾಡಿದನೆಂಬ ದೂರು ದೇಶವಿಡೀ ಸುದ್ದಿಯಾಯಿತಲ್ಲ, ಆಗ ಕಂಪನಿಗೆ ₹30 ಲಕ್ಷ ದಂಡ ಬಿತ್ತು, ಪೈಲಟ್ ಪರವಾನಗಿ 3 ತಿಂಗಳು ಅಮಾನತಾಯಿತು. ಆದರೆ ಡಿಜಿಸಿಎ ಹಿಡಿದದ್ದು ಘಟನೆಯ ನಂತರ ಅದನ್ನು ನಿಭಾಯಿಸಿದ ರೀತಿಯನ್ನು. ಆಮೇಲೆ ಏರ್ ಇಂಡಿಯಾ ತನ್ನ ಮದ್ಯ ನೀತಿಯನ್ನು ತಿದ್ದಿ, ಅಗತ್ಯವಿದ್ದಲ್ಲಿ ಸೌಜನ್ಯದಿಂದ ನಿರಾಕರಿಸಿ ಎಂದು ಸಿಬ್ಬಂದಿಗೆ ಹೇಳಿತು. ಅಷ್ಟಾದರೂ ಆಯಿತು.

ಊರಿಗೆ ಬಂದು ನನ್ನ ಕಂಪನಿಗೆ ದೂರು ಬರೆದೆ. "ಸಹಪ್ರಯಾಣಿಕರ ವರ್ತನೆಯಿಂದ ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಉತ್ತರ, ಜೊತೆಗೆ ಒಂದಿಷ್ಟು ಮೈಲಿ ಅಂಕಗಳು. ವಿಷಾದವೆಲ್ಲ ಕುಡಿದವನ ವರ್ತನೆಗೆ, ಕುಡಿಸಿದವರ ಬಗ್ಗೆ ಒಂದು ಅಕ್ಷರವಿಲ್ಲ. ಅಂಕಗಳು ಬೇಡವೆಂದು ತಿಳಿಸಿ, ಆ ಸೀಟಿಗೆ ಒಟ್ಟು ಎಷ್ಟು ಬಾಟಲಿ ಕೊಟ್ಟಿರಿ ಎಂದಷ್ಟೇ ಮತ್ತೆ ಕೇಳಿದ್ದೇನೆ. ಸಂಖ್ಯೆ ಬಂದರೆ ಒಂದು ನಕ್ಷತ್ರ ಹೆಚ್ಚಿಸುತ್ತೇನೆ. ಸದ್ಯಕ್ಕೆ ಐದಕ್ಕೆ ಎರಡು, ಎರಡೂ ಅಡುಗೆಯವರಿಗೆ.