ದಾಂಡೇಲಿ ಪ್ಯಾಕೇಜ್‌ಗೆ ಅಡ್ವಾನ್ಸ್ ಹಾಕುವ ಮೊದಲು ಇದನ್ನು ಓದಿ

ದಾಂಡೇಲಿಗೆ ಹೋಗಲು ಪ್ಯಾಕೇಜ್ ಹುಡುಕುತ್ತಿದ್ದೀರಾ? ಇನ್‌ಸ್ಟಾಗ್ರಾಂ ರೀಲ್ ನೋಡಿ ನಂಬರ್ ಸೇವ್ ಮಾಡಿಕೊಂಡಿದ್ದೀರಾ? ದಯವಿಟ್ಟು ಫೋನ್‌ಪೇ ತೆರೆಯುವ ಮೊದಲು ಇದನ್ನು ಪೂರ್ತಿ ಓದಿ. ನಮ್ಮ ಮನೆಯವರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ಸಂಕ್ರಾಂತಿ ರಜೆಗೆ ದಾವಣಗೆರೆಯಿಂದ ಹೋಗಿದ್ದೆವು. ಅಮ್ಮ, ಅಕ್ಕ, ಭಾವ, ಅಕ್ಕನ ಇಬ್ಬರು ಗಂಡುಮಕ್ಕಳು, ನಾನು, ನಮ್ಮವರು, ನಮ್ಮ ಮಗ. ಒಟ್ಟು ಎಂಟು ಜನ. ಏರ್ಪಾಡು ಪೂರ್ತಿ ನಾನೇ ಮಾಡಿದ್ದು. ಭಾವನಿಗೆ ರಜೆ ಸಿಗುವುದೇ ಕಷ್ಟ, ಅಂಥವರನ್ನು ಒಪ್ಪಿಸಿ ಹೊರಡಿಸಿದ್ದೆ. ಅಮ್ಮನಿಗೆ ಎಷ್ಟೋ ವರ್ಷದಿಂದ ಉಳವಿಗೆ ಹೋಗಬೇಕು, ಚನ್ನಬಸವಣ್ಣನವರ ಗದ್ದುಗೆ ನೋಡಬೇಕು ಅಂತ ಆಸೆ. ಹುಡುಗರಿಗೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಆಸೆ. ಎರಡೂ ಒಂದೇ ಕಡೆ ಆಗುತ್ತದಲ್ಲ ಅಂತ ಅಲ್ಲಿಗೇ ಹೊರಟೆವು.

ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ ನಂಬರಿನ ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ಪ್ಯಾಕೇಜ್ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ. ತಲೆಗೆ 2,400 ರೂಪಾಯಿ. ನದಿ ದಂಡೆಯ ರೆಸಾರ್ಟ್, ಊಟ ತಿಂಡಿ, 9 ಕಿಲೋಮೀಟರ್ ವೈಟ್ ವಾಟರ್ ರಾಫ್ಟಿಂಗ್, ಕಯಾಕಿಂಗ್, ಜಿಪ್‌ಲೈನ್, ಜಂಗಲ್ ಸಫಾರಿ, ಸಿಂಥೇರಿ ರಾಕ್ಸ್, ಕವಳಾ ಗುಹೆ, ಉಳವಿ, ರಾತ್ರಿ ಕ್ಯಾಂಪ್‌ಫೈರ್. ಜೊತೆಗೆ "ಆಥೆಂಟಿಕ್ ಲೋಕಲ್ ಫುಡ್". ನಾನು ಒಂದೊಂದನ್ನೂ ಬಿಡಿಸಿ ಕೇಳಿದ್ದೆ. ಉಳವಿ ಇದೆಯಾ? "ಇದೆ ಮೇಡಂ." ರಾಫ್ಟಿಂಗ್ ಉದ್ದದ್ದೇನಾ? "ಫುಲ್ ರಾಫ್ಟಿಂಗ್ ಮೇಡಂ." ಸಸ್ಯಾಹಾರ ಬೇರೆ ಮಾಡುತ್ತೀರಾ? "ನೀವ್ ಏನೂ ಟೆನ್ಶನ್ ತಗೋಬೇಡ್ರಿ ಮೇಡಂ, ಎಲ್ಲಾ ನಾ ನೋಡ್ಕೋತೀನಿ." ಅರ್ಧ ದುಡ್ಡು, ಅಂದರೆ 9,600 ರೂಪಾಯಿ ಅಡ್ವಾನ್ಸ್ ಹಾಕಿದೆ. ಎಲ್ಲರೂ ಹಾಗೇ ಹಾಕುತ್ತಾರೆ, ಅಲ್ವಾ? ಅಡ್ವಾನ್ಸ್ ಇಲ್ಲದೆ ಯಾರೂ ರೂಮ್ ಹಿಡಿದು ಇಟ್ಟುಕೊಳ್ಳುವುದಿಲ್ಲ.

ಧಾರವಾಡದ ತನಕ ರೈಲು, ಅಲ್ಲಿಂದ ಬಸ್ಸು. ದಾಂಡೇಲಿಯಲ್ಲಿ ಇಳಿದಾಗ ಜೀಪ್ ಬಂದಿತ್ತು. ಜೀಪ್ ನದಿಯ ಕಡೆ ಹೋಗಲೇ ಇಲ್ಲ. ಊರ ಹೊರಗೆ ಒಂದು ಬಯಲಿನಲ್ಲಿ ತಗಡಿನ ಶೀಟ್ ಹೊದಿಸಿದ ಸಾಲು ರೂಮುಗಳ ಮುಂದೆ ನಿಂತಿತು. ಫೋಟೋದಲ್ಲಿ ಕಂಡ ಮರದ ಕಾಟೇಜ್ ಇಲ್ಲ, ನದಿ ಇಲ್ಲ. ಫೋನ್ ಮಾಡಿದರೆ ಆತ ಹೇಳಿದ್ದು: "ಅದು ಫುಲ್ ಆಯ್ತು ಮೇಡಂ. ಇದು ನಮ್ದೇ ಸಿಸ್ಟರ್ ಪ್ರಾಪರ್ಟಿ. ಫೆಸಿಲಿಟಿ ಎಲ್ಲಾ ಸೇಮ್." ಅಮ್ಮ ಆಗಲೇ ದಣಿದಿದ್ದರು. ಬಾಕಿ ಹಣ ಕೊಟ್ಟರೆ ಮಾತ್ರ ಕೀ ಅಂದರು. ಕೊಟ್ಟೆವು.

ಕೀ ಕೊಟ್ಟ ಮ್ಯಾನೇಜರ್ ಒಳ್ಳೆಯ ಮನುಷ್ಯ. ಸಂಜೆ ಮಾತಿಗೆ ಮಾತು ಬಂದಾಗ ಅವರೇ ಹೇಳಿದರು. ಆ ನಂಬರಿನವನಿಗೂ ಈ ಜಾಗಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಅಡ್ವಾನ್ಸ್ ಇವರಿಗೆ ಬಂದೇ ಇಲ್ಲ. ತಲೆಗೆ 1,100ರಂತೆ ಎಂಟು ಜನರನ್ನು ಕಳಿಸುತ್ತೇನೆ ಅಂತ ಹಿಂದಿನ ದಿನ ರಾತ್ರಿ ಫೋನ್ ಮಾಡಿದ್ದನಂತೆ, ಅಷ್ಟೇ. ಸಂತೆಯಲ್ಲಿ ದನ ಮಾರಿದ ಹಾಗೆ ನಮ್ಮನ್ನು ತಲೆ ಲೆಕ್ಕದಲ್ಲಿ ಮಾರಿದ್ದ. ರೂಮ್ ಅವನದ್ದಲ್ಲ, ಜೀಪ್ ಅವನದ್ದಲ್ಲ, ನದಿಯ ಮೇಲಿನ ರಾಫ್ಟ್ ಅಂತೂ ಅವನದ್ದಲ್ಲವೇ ಅಲ್ಲ. ಅವನ ಹತ್ತಿರ ಇರುವುದು ಒಂದು ಫೋನು, ಬೇರೆಯವರ ಫೋಟೋಗಳು, ಅಷ್ಟೇ. ಈ ವ್ಯವಹಾರ ಹೀಗೇ ನಡೆಯುವುದು ಅಂತ ಅಲ್ಲಿಯವರಿಗೆಲ್ಲ ಗೊತ್ತು. ಹೊರಗಿನಿಂದ ದುಡ್ಡು ಹಾಕುವ ನಮಗೆ ಗೊತ್ತಿಲ್ಲ.

ರಾತ್ರಿ ಊಟಕ್ಕೆ ಬಣ್ಣ ಹಾಕಿದ ಪನೀರ್ ಗ್ರೇವಿ, ಗೋಬಿ ಮಂಚೂರಿ, ಆರಿಹೋದ ಚಪಾತಿ. ದಾಂಡೇಲಿ ಪಕ್ಕದ ಜೋಯಿಡಾ ಕಡೆಯ ಊಟ ಅಂತ ಆಸೆ ಇಟ್ಟುಕೊಂಡಿದ್ದೆ. ಅಲ್ಲಿನ ಕುಣಬಿ ಜನ ಬೆಳೆಯುವ ಗೆಡ್ಡೆ ಗೆಣಸು ಎಷ್ಟು ಹೆಸರುವಾಸಿ! ಜೋಯಿಡಾದಲ್ಲಿ ಗೆಡ್ಡೆ ಗೆಣಸಿನ ಮೇಳವೇ ನಡೆಯುತ್ತದೆ. ಅಕ್ಕಿ ರೊಟ್ಟಿ, ಗೆಡ್ಡೆ ಪಲ್ಯ, ಕೋಕಂ ಸಾರು ಏನಾದರೂ ಇದೆಯಾ ಅಂತ ಬಡಿಸುವ ಹುಡುಗನನ್ನು ಕೇಳಿದೆ. "ಅದು ಸ್ಪೆಷಲ್ ಆರ್ಡರ್ ಮೇಡಂ. ತಲೆಗೆ 350 ಎಕ್ಸ್‌ಟ್ರಾ. ಮೊದಲೇ ಹೇಳಬೇಕಿತ್ತು." ಮೊದಲೇ ಹೇಳಿದ್ದೆನಲ್ಲ! ಯಾರಿಗೆ ಹೇಳಿದ್ದೆನೋ ಅವನು ಇಲ್ಲಿಯವನೇ ಅಲ್ಲ.

ಇದೆಲ್ಲ ಹೋಗಲಿ. ಊಟ, ರೂಮ್ ಹೋಗಲಿ. ನನ್ನ ಹೊಟ್ಟೆ ಉರಿಯುತ್ತಿರುವುದು ಗಣೇಶಗುಡಿಯಲ್ಲಿ ಆಗಿದ್ದಕ್ಕೆ.

ಬೆಳಿಗ್ಗೆ ಜೀಪಿನಲ್ಲಿ ಗಣೇಶಗುಡಿಗೆ ಕರೆದುಕೊಂಡು ಹೋದರು. ಸೂಪಾ ಅಣೆಕಟ್ಟೆ ಇರುವ ಊರು. ಕಾಳಿ ನದಿಯ ರಾಫ್ಟಿಂಗ್ ನಡೆಯುವುದೇ ಈ ಅಣೆಕಟ್ಟೆಯಿಂದ. 101 ಮೀಟರ್ ಎತ್ತರದ ಅಣೆಕಟ್ಟೆ, ಬುಡದಲ್ಲಿ ವಿದ್ಯುತ್ ಘಟಕ. ಘಟಕ ಓಡಿದಾಗ ನೀರು ಹೊರಗೆ ಬರುತ್ತದೆ, ಕೆಳಗಡೆ ನದಿ ಏರುತ್ತದೆ, ಬಂಡೆಗಳ ನಡುವೆ ನೀರು ನೊರೆಯಾಗಿ ನುಗ್ಗುತ್ತದೆ. ಆಗ ಮಾತ್ರ ನಿಜವಾದ ರಾಫ್ಟಿಂಗ್. ಘಟಕ ನಿಂತರೆ ಬಂಡೆ ಮೇಲೆ ಬಂಡೆ ಕಾಣುತ್ತದೆ, ರಾಫ್ಟ್ ಮುಂದೆ ಹೋಗುವುದಿಲ್ಲ. ಘಟಕ ಯಾವಾಗ ಓಡುತ್ತದೆ ಅನ್ನುವುದು ಕರೆಂಟಿನ ಬೇಡಿಕೆಗೆ ತಕ್ಕಂತೆ. ಪ್ರವಾಸಿಗರಿಗಾಗಿ ಯಾರೂ ನೀರು ಬಿಡುವುದಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ನದಿ ದಂಡೆಯಲ್ಲಿದ್ದ ಒಬ್ಬ ಸ್ಥಳೀಯ ಗೈಡ್. ದುಡ್ಡು ತೆಗೆದುಕೊಂಡವನು ಒಂದು ಮಾತೂ ಹೇಳಲಿಲ್ಲ. ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ದಂಡೆಯಲ್ಲಿ ಜನವೋ ಜನ. ಒಂದು ರಾಫ್ಟ್ ಬಂತು. ನಮ್ಮವರು, ಭಾವ, ಅಕ್ಕನ ಇಬ್ಬರು ಹುಡುಗರು, ನಾನು ಹತ್ತಿದೆವು. ಇನ್ನೊಂದು ಗುಂಪಿನವರನ್ನೂ ಅದರಲ್ಲೇ ತುಂಬಿದರು. ಹೇಗೆ ಕೂರಬೇಕು, ಬಿದ್ದರೆ ಏನು ಮಾಡಬೇಕು, ಹುಟ್ಟು ಹೇಗೆ ಹಿಡಿಯಬೇಕು, ಏನೂ ಹೇಳಲಿಲ್ಲ. ಹೆಲ್ಮೆಟ್ ಇಲ್ಲ. ಚಿಕ್ಕ ಹುಡುಗನ ಲೈಫ್ ಜಾಕೆಟ್‌ಗೆ ಬಕಲ್ಲೇ ಇರಲಿಲ್ಲ. ಪ್ಲಾಸ್ಟಿಕ್ ದಾರದಲ್ಲಿ ಗಂಟು ಹಾಕಿಕೊಟ್ಟರು! ಬೇರೆ ಕೊಡಿ ಅಂದೆ. "ಇಲ್ಲಿ ಆಳ ಇಲ್ಲ ಮೇಡಂ, ಏನೂ ಆಗಲ್ಲ." ನಾನು ಜಗಳ ಮಾಡಿ ಬೇರೆ ಜಾಕೆಟ್ ತರಿಸಿಯೇ ಕೂರಿಸಿದೆ. ಮಗುವಿನ ಜೀವದ ವಿಷಯದಲ್ಲಿ ಇಷ್ಟು ಸಲೀಸಾಗಿ ಮಾತಾಡುತ್ತಾರಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರಾಫ್ಟ್ ಹೊರಟಿತು. ನಿಂತ ನೀರು. ಒಂದು ಸಣ್ಣ ಇಳಿಜಾರು ಬಂತು, ಸ್ವಲ್ಪ ಅಲ್ಲಾಡಿತು. ಅಲ್ಲಿಂದ ತಿರುಗಿಸಿದರು. ಸುತ್ತು ಹೊಡೆದು ಹತ್ತಿದ ಜಾಗಕ್ಕೇ ತಂದು ನಿಲ್ಲಿಸಿದರು. ಹತ್ತು ಹನ್ನೆರಡು ನಿಮಿಷ ಆಗಿರಬಹುದು. ಹುಡುಗರು ಹುಟ್ಟು ಹಿಡಿದುಕೊಂಡು ಕೂತೇ ಇದ್ದಾರೆ, ಈಗ ಶುರುವಾಗುತ್ತದೆ ಅಂತ. "ಇಳೀರಿ, ಮುಗೀತು" ಅಂದ.

ಮುಗೀತು ಅಂದರೆ?

"ಇದೇ ರಾಫ್ಟಿಂಗ್ ಮೇಡಂ. ನಿಮ್ಮ ಪ್ಯಾಕೇಜ್‌ನಲ್ಲಿ ಶಾರ್ಟ್ ಇರೋದು."

ದೊಡ್ಡ ಹುಡುಗ ನನ್ನ ಮುಖ ನೋಡಿದ. "ಚಿಕ್ಕಿ, 9 ಕಿಲೋಮೀಟರ್ ಅಂದಿದ್ರಲ್ಲಾ?" ಅಂದ. ಅಲ್ಲಿ ಅಷ್ಟು ಜನರ ಮುಂದೆ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಭಾವ ಒಂದು ಮಾತೂ ಆಡಲಿಲ್ಲ. ಸುಮ್ನೆ ಜಾಕೆಟ್ ಬಿಚ್ಚಿ ಕೊಟ್ಟು ಹೋಗಿ ಜೀಪಿನ ಹತ್ತಿರ ನಿಂತರು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಅಲ್ಲೇ ನಿಂತು ಅಡ್ವಾನ್ಸ್ ತೆಗೆದುಕೊಂಡ ಏಜೆಂಟನಿಗೆ ಫೋನ್ ಮಾಡಿದೆ. ಮೊದಲು ತೆಗೆಯಲಿಲ್ಲ. ನಮ್ಮವರ ಫೋನಿಂದ ಮಾಡಿದಾಗ ತೆಗೆದ. ಅವನು ಕೊಟ್ಟ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ನಿಮಗೂ ಇದೇ ಉತ್ತರ ಬರುತ್ತದೆ, ಗುರುತು ಇಟ್ಟುಕೊಳ್ಳಿ.

9 ಕಿಲೋಮೀಟರ್ ಅಂತ ಬರೆದಿದ್ದೀರಲ್ಲ ಅಂದೆ. "ನೀರು ಬಿಟ್ಟಿಲ್ಲ ಮೇಡಂ. ಡ್ಯಾಮ್ ಏನ್ ನನ್ ಕೈಯಾಗ ಐತೇನ್ರಿ?"

ಸರಿ, ನೀರಿಲ್ಲ ಅಂದರೆ ಅಷ್ಟು ದುಡ್ಡು ವಾಪಸ್ ಕೊಡಿ ಅಂದೆ. "ರಾಫ್ಟಿಂಗ್ ಮಾಡ್ಸಿವಲ್ರಿ. ರಾಫ್ಟ್‌ನಾಗೇ ಕೂರ್ಸ್ಯಾರಲ್ಲ?"

ಇದು ರಾಫ್ಟಿಂಗ್ ಅಲ್ಲ ಅಂದೆ. "ಉದ್ದದ್ದು ಬೇಕಂದ್ರೆ ಬ್ಯಾರೆ ಚಾರ್ಜ್ ಮೇಡಂ. ಮೊದಲ ಕೇಳಬೇಕಿತ್ತು ನೀವು."

ಕೇಳಿದ್ದೆ! ಬರಹದಲ್ಲಿ ಇದೆ! ಅದನ್ನು ಓದಿ ಹೇಳಿದೆ. ಆಗ ಬಂದ ಉತ್ತರ: "ಅದು ಓಲ್ಡ್ ಮೆಸೇಜ್ ಮೇಡಂ, ಎಲ್ಲರಿಗೂ ಅದೇ ಫಾರ್ವರ್ಡ್ ಹೋಗ್ತದ." ನೀರಿಲ್ಲ ಅಂದವನೇ ಮುಂದಿನ ಮಾತಿಗೆ ಬೇರೆ ಚಾರ್ಜ್ ಕೊಟ್ಟರೆ ಉದ್ದದ್ದು ಮಾಡಿಸುತ್ತೇನೆ ಅನ್ನುತ್ತಾನೆ. ಅಂದರೆ ನೀರಿನ ಮಾತು ಬರೀ ನೆಪ. ಹೀಗೆ ಮುಖಕ್ಕೇ ಸುಳ್ಳು ಹೇಳಿದರೆ ಏನು ಮಾಡುವುದು?

ಸಫಾರಿ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಮಧ್ಯಾಹ್ನ ಜೀಪಿನಲ್ಲಿ ಕಾಡಿನ ಪಕ್ಕದ ಡಾಂಬರು ರಸ್ತೆಯಲ್ಲಿ ಓಡಾಡಿಸಿ, ಇದೇ ಜಂಗಲ್ ಸಫಾರಿ ಅಂದರು. ಯಾವ ಗೇಟೂ ದಾಟಲಿಲ್ಲ, ಟಿಕೆಟ್ ಇಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ ನಡೆಸುವುದು ಅರಣ್ಯ ಇಲಾಖೆ, ಪಣಸೋಲಿಯಿಂದ. ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗಬೇಕು. ಕಪ್ಪು ಚಿರತೆ ಪಕ್ಕಾ ತೋರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲೇ ಫೋನ್ ಇಟ್ಟುಬಿಡಿ. ಅಲ್ಲಿ ಕಪ್ಪು ಚಿರತೆ ಇರುವುದು ನಿಜ, ಆದರೆ ಪ್ರಾಣಿ ತೋರಿಸುತ್ತೇವೆ ಅಂತ ಮಾತು ಕೊಡಲು ಯಾರಿಗೂ ಆಗುವುದಿಲ್ಲ. ಸಿಂಥೇರಿ ರಾಕ್ಸ್ ಬಂದ್ ಇದೆ ಅಂತ ಡ್ರೈವರ್ ಹೇಳಿ, ಅದರ ಬದಲು ಜೇನುತುಪ್ಪ, ಮಸಾಲೆ ಮಾರುವ ಅಂಗಡಿಗೆ ಕರೆದುಕೊಂಡು ಹೋದ. ಅವತ್ತೇ ಸಿಂಥೇರಿ ನೋಡಿಕೊಂಡು ಬಂದವರು ಅದೇ ಅಂಗಡಿಯಲ್ಲಿ ಸಿಕ್ಕಿದರು! ಡ್ರೈವರ್‌ಗೆ ಹೇಳಿದರೆ ಮುಖ ತಿರುಗಿಸಿದ. ಕಾನೇರಿ ನದಿ ಕೊರೆದ ಆ ಬಂಡೆ 300 ಅಡಿ ಎತ್ತರ. ಅದನ್ನು ನೋಡದೇ ಬಂದೆವು.

ಉಳವಿ ಕೇಳಿದರೆ "ದೂರ ಆಗ್ತದ್ರಿ, ಡೀಸೆಲ್ ಬೀಳ್ತದ, 3,000 ಕೊಟ್ರೆ ಹೋಗೋಣ" ಅಂದ. ಅಮ್ಮ ಅಲ್ಲೇ ಕೂತಿದ್ದರು. "ಬೇಡ ಬಿಡಮ್ಮ, ಇನ್ನೊಂದು ಸಲ ನೋಡೋಣ" ಅಂದರು. ನಮ್ಮಮ್ಮನ ವಯಸ್ಸಿಗೆ ಇನ್ನೊಂದು ಸಲ ಅನ್ನುವುದು ಎಷ್ಟು ಸುಲಭ? ಈ ಪ್ಯಾಕೇಜ್ ಒಪ್ಪಿದ್ದೇ ಅದರಲ್ಲಿ ಉಳವಿ ಇದೆ ಅಂತ.

ಮಾರನೇ ದಿನ ಅವರ ಜೀಪು, ಕಯಾಕಿಂಗ್, ಜಿಪ್‌ಲೈನ್ ಎಲ್ಲ ಬಿಟ್ಟೆವು. ದಾಂಡೇಲಿ ಬಸ್ ಸ್ಟ್ಯಾಂಡಿಗೆ ಹೋಗಿ ಉಳವಿ ಬಸ್ ಹತ್ತಿದೆವು. ಸರ್ಕಾರಿ ಬಸ್ಸು. ದಾರಿ ಪೂರ್ತಿ ಕಾಡು. ಕಿಟಕಿ ಪಕ್ಕ ಕೂತ ಹುಡುಗರಿಗೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಕಂಡಿತು. ಅಮ್ಮ ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ತುಂಬಾ ಹೊತ್ತು ಕೂತಿದ್ದರು. ಕಲ್ಯಾಣದಿಂದ ಶರಣರು ಇಷ್ಟು ದೂರ ಈ ಕಾಡಿಗೆ ಬಂದರಲ್ಲ ಅಂತ ಎದ್ದಾಗ ಭಾವನಿಗೆ ಹೇಳುತ್ತಿದ್ದರು. ಅಲ್ಲೇ ಪ್ರಸಾದ ಉಂಡೆವು. ವಾಪಸ್ ಬರುವಾಗ ಜೋಯಿಡಾದಲ್ಲಿ ಇಳಿದು ಒಂದು ಸಣ್ಣ ಖಾನಾವಳಿಯಲ್ಲಿ ಕೇಳಿದರೆ, ಗೆಡ್ಡೆ ಪಲ್ಯ, ಅನ್ನ, ಕೋಕಂ ಸಾರು ಬಿಸಿಬಿಸಿ ಬಡಿಸಿದರು. ಯಾವ ಸ್ಪೆಷಲ್ ಆರ್ಡರೂ ಇಲ್ಲ, ಎಕ್ಸ್‌ಟ್ರಾ ಇಲ್ಲ. ಎಂಟು ಜನರ ಬಸ್ ಚಾರ್ಜು, ಊಟ ಎಲ್ಲ ಸೇರಿದರೂ ಆ ಡ್ರೈವರ್ ಕೇಳಿದ 3,000 ಆಗಲಿಲ್ಲ. ಆ ಸೀಮೆ ಅಷ್ಟು ಚೆನ್ನಾಗಿದೆ, ಜನ ಅಷ್ಟು ಒಳ್ಳೆಯವರು. ಅದಕ್ಕೇ ನನಗೆ ಇನ್ನೂ ಜಾಸ್ತಿ ಸಿಟ್ಟು. ಊರಿನ ಹೆಸರು ಹಾಳು ಮಾಡುತ್ತಿರುವವರು ಈ ಫೋನಿನ ದಲ್ಲಾಳಿಗಳು.

ಮನೆಗೆ ಬಂದ ಮೇಲೆ ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಮೆಸೇಜ್ ಹಾಕಿದೆ. "ಮ್ಯಾನೇಜ್‌ಮೆಂಟ್ ಜತೆ ಮಾತಾಡಿ ಹೇಳ್ತೀನಿ" ಅಂದ. ಯಾವ ಮ್ಯಾನೇಜ್‌ಮೆಂಟ್? ಇರುವವನು ಅವನೊಬ್ಬನೇ. ಆಮೇಲೆ "ಮುಂದಿನ ಟ್ರಿಪ್‌ಗೆ 20 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀನಿ ಮೇಡಂ, ರಿವ್ಯೂ ಮಾತ್ರ ಕೆಟ್ಟದಾಗಿ ಬರೀಬೇಡ್ರಿ" ಅಂದ. ಬರೆಯುತ್ತೇನೆ ಅಂದೆ. ಬ್ಲಾಕ್ ಮಾಡಿದ.

ಹೋಗುವವರು ಇಷ್ಟು ಮಾಡಿ. ದುಡ್ಡು ಹಾಕುವ ಮೊದಲು ರೆಸಾರ್ಟಿನ ಹೆಸರು ಕೇಳಿ, ಆ ರೆಸಾರ್ಟಿಗೇ ನೇರ ಫೋನ್ ಮಾಡಿ ನಿಮ್ಮ ಹೆಸರಲ್ಲಿ ಬುಕ್ಕಿಂಗ್ ಇದೆಯಾ ಅಂತ ಕೇಳಿ. ಹೆಸರು ಹೇಳದವನಿಗೆ ಒಂದು ರೂಪಾಯಿಯೂ ಹಾಕಬೇಡಿ. ರಾಫ್ಟಿಂಗ್ ಅಂದರೆ ಎಷ್ಟು ಕಿಲೋಮೀಟರ್, ನೀರು ಇಲ್ಲದಿದ್ದರೆ ಎಷ್ಟು ವಾಪಸ್, ಎರಡನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಇನ್ನೂ ಒಳ್ಳೆಯದೆಂದರೆ ರಾಫ್ಟಿಂಗ್ ಪ್ಯಾಕೇಜ್‌ನಲ್ಲಿ ಸೇರಿಸಲೇಬೇಡಿ. ಗಣೇಶಗುಡಿಗೆ ಹೋಗಿ, ನದಿ ನೋಡಿ, ಆಮೇಲೆ ದುಡ್ಡು ಕೊಡಿ. ಬಕಲ್ ಇಲ್ಲದ ಜಾಕೆಟ್ ಕೊಟ್ಟರೆ ಅವರು ಏನೇ ಹೇಳಲಿ, ಮಕ್ಕಳನ್ನು ನೀರಿಗೆ ಇಳಿಸಬೇಡಿ. ಸಫಾರಿಗೆ ಇಲಾಖೆಯ ಟಿಕೆಟ್, ಉಳವಿಗೆ ಸರ್ಕಾರಿ ಬಸ್ಸು. ಇವೆರಡಕ್ಕೆ ಯಾವ ಏಜೆಂಟೂ ಬೇಡ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮೆಸೇಜು, ಹಣ ಹೋದ ದಾಖಲೆ, ಜಾಕೆಟ್‌ನ ಫೋಟೋ ಎಲ್ಲ ಇಟ್ಟುಕೊಂಡಿದ್ದೇನೆ. ಅಕ್ಕನ ಫೋನಿನಲ್ಲಿ ನೋಡಿದೆ, ಅದೇ ಪೇಜ್ ಹೆಸರು ಬದಲಾಯಿಸಿಕೊಂಡು ಅದೇ ಕಾಟೇಜ್‌ನ ಫೋಟೋ ಹಾಕಿ "ಬೇಸಿಗೆ ಆಫರ್" ಅಂತ ಶುರು ಮಾಡಿದೆ. 9 ಕಿಲೋಮೀಟರ್ ಅನ್ನುವ ಅದೇ ಸಾಲು ಅದರಲ್ಲೂ ಇದೆ. "ನೀವ್ ಏನೂ ಟೆನ್ಶನ್ ತಗೋಬೇಡ್ರಿ" ಅನ್ನುವ ಮೆಸೇಜ್ ನಿಮಗೂ ಬಂದು, ನಿಮ್ಮ ದುಡ್ಡೂ ಹೀಗೇ ಹೋಗಿದ್ದರೆ ನನಗೆ ತಿಳಿಸಿ. ಎಲ್ಲರ ಹೆಸರೂ ಸೇರಿಸಿ ದಾಂಡೇಲಿ ಪೊಲೀಸರಿಗೆ ಒಂದೇ ದೂರು ಕೊಡೋಣ.