ಶಿರಾಡಿ ಏರಿನಲ್ಲಿ ಮಾತ್ರ ಕುಂಟುತ್ತಿದ್ದ ಕಾರು: ಓಬಿಡಿ ಅಡಾಪ್ಟರ್ ಜೊತೆ ಎರಡು ವರ್ಷ

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಕಾರಿನ ಎಂಜಿನ್ ಕಂಪ್ಯೂಟರಿನಲ್ಲಿರುವ ದೋಷದ ಕೋಡುಗಳನ್ನೂ ಅಂಕಿಗಳನ್ನೂ ಓದಿ ಫೋನಿಗೆ ಕಳಿಸುವ ಈ ಬ್ಲೂಟೂತ್ ಓಬಿಡಿ ಅಡಾಪ್ಟರನ್ನು ನಾನು 1,900 ರೂಪಾಯಿ ಕೊಟ್ಟು ತರಿಸಿ ಎರಡು ವರ್ಷಗಳಾದವು. ಅದು ಯಾವ ಯಾವ ಪ್ರೋಟೊಕಾಲ್‌ಗಳಿಗೆ ಹೊಂದುತ್ತದೆ, ಯಾವ ಫೋನಿಗೆ ಜೋಡಣೆಯಾಗುತ್ತದೆ ಎಂಬುದೆಲ್ಲ ಅದರ ಪೊಟ್ಟಣದ ಮೇಲೆಯೇ ಇದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಸುಮಾರು ಎಂಟು ತಿಂಗಳು ನನ್ನನ್ನೂ ಇಬ್ಬರು ಮೆಕ್ಯಾನಿಕ್‌ಗಳನ್ನೂ ಸತಾಯಿಸಿದ ಒಂದು ದೋಷವನ್ನು ಹುಡುಕಲು ಇದು ಹೇಗೆ ನೆರವಾಯಿತು, ಆಮೇಲೆ ಇದೇ ಅಡಾಪ್ಟರ್ ನನಗೆ ಎಂಥ ನಷ್ಟವನ್ನು ತಂದಿತು ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ.

ಕಾರು 2014ರ ಮಾದರಿಯ ಡೀಸೆಲ್ ಸೆಡಾನ್. ಎರಡನೆಯ ಕೈಯಲ್ಲಿ ಕೊಂಡದ್ದು. ತೊಂದರೆ ಶುರುವಾದಾಗ 1,42,000 ಕಿಲೋಮೀಟರ್ ಓಡಿತ್ತು. ನಾನಿರುವುದು ಪುತ್ತೂರಿನಲ್ಲಿ, ತಂದೆತಾಯಿ ಇರುವುದು ಹಾಸನದ ಬಳಿಯ ಹಳ್ಳಿಯಲ್ಲಿ. ಆದ್ದರಿಂದ ತಿಂಗಳಿಗೆ ಎರಡು ಸಲವಾದರೂ ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಹತ್ತುತ್ತೇನೆ. ಪುತ್ತೂರಿನ ಸುತ್ತ ಎಷ್ಟು ಓಡಿಸಿದರೂ ಕಾರಿಗೆ ಏನೂ ಆಗುತ್ತಿರಲಿಲ್ಲ. ಗುಂಡ್ಯ ದಾಟಿ ಏರು ಶುರುವಾಗಿ, ಎಂಜಿನ್ ಚೆನ್ನಾಗಿ ಬಿಸಿಯಾಗಿ, ಮೂರನೆಯ ಗೇರಿನಲ್ಲಿ ಲಾರಿಯೊಂದನ್ನು ದಾಟಲೆಂದು ಆಕ್ಸಲರೇಟರನ್ನು ಪೂರ್ತಿ ಒತ್ತಿದಾಗ, ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಪಿಕಪ್ ಇಲ್ಲವಾಗುತ್ತಿತ್ತು. ಚೆಕ್ ಎಂಜಿನ್ ದೀಪ ಹತ್ತಿಕೊಳ್ಳುತ್ತಿತ್ತು, ಟ್ಯಾಕೋಮೀಟರ್ ಮುಳ್ಳು 3,000ದ ಮೇಲೆ ಹೋಗುತ್ತಲೇ ಇರಲಿಲ್ಲ. ದಾಟಬೇಕೆಂದಿದ್ದ ಲಾರಿಯ ಪಕ್ಕದಲ್ಲಿ, ಎದುರಿನ ತಿರುವಿನಿಂದ ಬಸ್ಸು ಬರುತ್ತಿರುವಾಗ ಹೀಗಾದರೆ ಮನಸ್ಸಿಗೆ ಆಗುವ ಭಯವನ್ನು ಘಾಟಿಯಲ್ಲಿ ಗಾಡಿ ಓಡಿಸಿದವರು ಬಲ್ಲರು. ಬದಿಗೆ ನಿಲ್ಲಿಸಿ, ಕೀ ತಿರುಗಿಸಿ ಎಂಜಿನ್ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಕಾರು ಏನೂ ಆಗದಂತೆ ಹೊರಡುತ್ತಿತ್ತು.

ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಸೆನ್ಸರ್‌ಗಳಿಂದ ಬರುವ ಅಂಕಿಗಳು ತಾನು ನಿರೀಕ್ಷಿಸಿದ ಮಿತಿಯಿಂದ ಕೆಲವು ಸೆಕೆಂಡುಗಳ ಕಾಲ ಹೊರಗೆ ಉಳಿದರೆ, ಎಂಜಿನ್ನಿಗೆ ದೊಡ್ಡ ಹಾನಿಯಾಗದಿರಲೆಂದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಡೀಸೆಲ್ ಪ್ರಮಾಣವನ್ನು ತಗ್ಗಿಸುತ್ತದೆ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ನೆರವನ್ನು ಬಿಟ್ಟುಬಿಡುತ್ತದೆ. ಹೇಗೋ ಮನೆ ಅಥವಾ ಗ್ಯಾರೇಜು ಮುಟ್ಟುವಷ್ಟು ಶಕ್ತಿಯನ್ನು ಮಾತ್ರ ಉಳಿಸಿಕೊಡುತ್ತದೆ. ನನ್ನ ಕಾರಿನಂತೆ ಕೆಲವು ಕಾರುಗಳಲ್ಲಿ ಕೀ ತೆಗೆದು ಹಾಕಿದರೆ ಆ ನಿರ್ಬಂಧ ಸಡಿಲವಾಗುತ್ತದೆ. ತೊಂದರೆಯ ಮೂಲ ಇರುವುದೂ ಇಲ್ಲಿಯೇ. ಗ್ಯಾರೇಜು ಮುಟ್ಟುವಷ್ಟರಲ್ಲಿ ಕಾರು ಸರಿಯಾಗಿರುತ್ತದೆ, ಮೆಕ್ಯಾನಿಕ್ ಪೇಟೆಯಲ್ಲಿ ಒಂದು ಸುತ್ತು ಓಡಿಸಿ ನೋಡಿ "ಗಾಡಿ ಚೆನ್ನಾಗಿಯೇ ಇದೆಯಲ್ಲ ಸಾರ್" ಎನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪೂ ಇರುವುದಿಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು, ಏನೋ ಕೋಡ್ ಬಂದಿದೆ ಎಂದರು, ನಾನು ನೋಡುವ ಮೊದಲೇ ಅದನ್ನು ಅಳಿಸಿಬಿಟ್ಟರು. ಕೋಡ್ ಅಳಿಸಿದಾಗ ಅದರೊಂದಿಗೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ, ಅಂದರೆ ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ವೇಗದಲ್ಲಿತ್ತು, ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಹೊತ್ತಿತ್ತು ಎಂಬ ವಿವರವೂ ಅಳಿದುಹೋಗುತ್ತದೆ. ಆಗ ನನಗೆ ಇದು ತಿಳಿದಿರಲಿಲ್ಲ. ತಿಳಿದ ಮೇಲೆ ಬಹಳ ಬೇಸರವಾಯಿತು. ಅಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಎರಡನೆಯ ಗ್ಯಾರೇಜಿನವರು ಟರ್ಬೊ ಹೋಗಿದೆ, ಬದಲಾಯಿಸಬೇಕು, ಕೂಲಿ ಸೇರಿ 48,000 ರೂಪಾಯಿ ಆಗುತ್ತದೆ ಎಂದು ಬರೆದುಕೊಟ್ಟರು. ಹತ್ತು ವರ್ಷ ಹಳೆಯ ಕಾರಿಗೆ ಅಷ್ಟು ಹಣ ಹಾಕುವ ಸ್ಥಿತಿ ನನ್ನದಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಜವಾಗಿ ಟರ್ಬೊವೇ ಹಾಳಾಗಿದ್ದರೆ ನೆಲ್ಯಾಡಿಯವರೆಗೆ ಅದು ಅಷ್ಟು ಚೆನ್ನಾಗಿ ಹೇಗೆ ಎಳೆಯುತ್ತದೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಗಲಿಲ್ಲ. ಆ ಅನುಮಾನದಿಂದಲೇ ಅಡಾಪ್ಟರ್ ತರಿಸಿದೆ.

ಇದಕ್ಕೆ ಮೊದಲು 400 ರೂಪಾಯಿಯ ಇನ್ನೊಂದನ್ನು ಕೊಂಡು ಕೈಸುಟ್ಟುಕೊಂಡಿದ್ದೆ. ಅದು ಫೋನಿಗೆ ಜೋಡಣೆಯಾಗುತ್ತಿತ್ತು, ಎಂಜಿನ್ ವೇಗವನ್ನೂ ತೋರಿಸುತ್ತಿತ್ತು, ಆದರೆ ಹತ್ತು ನಿಮಿಷಕ್ಕೊಮ್ಮೆ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಯಾವಾಗಲೋ ಒಮ್ಮೆ ಕಾಣಿಸಿಕೊಳ್ಳುವ ದೋಷವನ್ನು ಹಿಡಿಯಲು ಹೊರಟವರಿಗೆ ಅಂಥದು ನಿರುಪಯೋಗಿ. ಈಗಿನದು ಪುತ್ತೂರಿನಿಂದ ಹಾಸನದವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಮೊದಲ ಘಾಟಿ ಪ್ರಯಾಣದಲ್ಲಿಯೇ ಕೋಡ್ ಸಿಕ್ಕಿತು: ಪಿ0299. ಟರ್ಬೊದಿಂದ ಬರಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ ಎಂದು ಅದರ ಅರ್ಥ. ಜೊತೆಗಿದ್ದ ಫ್ರೀಜ್ ಫ್ರೇಮ್‌ನಲ್ಲಿ ಎಂಜಿನ್ ವೇಗ ನಿಮಿಷಕ್ಕೆ 2,640 ಸುತ್ತು, ಗಾಡಿಯ ವೇಗ ಗಂಟೆಗೆ 46 ಕಿಲೋಮೀಟರ್, ಕೂಲೆಂಟ್ 94 ಡಿಗ್ರಿ, ಗಾಳಿಯ ಒತ್ತಡ 138 ಕಿಲೋಪ್ಯಾಸ್ಕಲ್ ಎಂದಿತ್ತು. ಎರಡನೆಯ ಗ್ಯಾರೇಜಿನವರು ಈ ಕೋಡನ್ನು ನೋಡಿಯೇ ಟರ್ಬೊ ಹೋಗಿದೆ ಎಂದಿರಬೇಕು. ಆದರೆ ಒತ್ತಡ ಸಾಲುತ್ತಿಲ್ಲ ಎಂಬುದಷ್ಟೇ ಕೋಡ್ ಹೇಳುವ ಮಾತು. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪು ಸೀಳಿದ್ದರೂ, ಒತ್ತಡ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿದ್ದರೂ, ಟರ್ಬೊದ ಒಳಗಿನ ರೆಕ್ಕೆಗಳು ಮಸಿ ಕಟ್ಟಿ ಅಂಟಿಕೊಂಡಿದ್ದರೂ, ಆ ರೆಕ್ಕೆಗಳನ್ನು ತಿರುಗಿಸುವ ವ್ಯಾಕ್ಯೂಮ್ ವ್ಯವಸ್ಥೆಯಲ್ಲಿ ಎಲ್ಲೋ ಸೋರಿಕೆಯಿದ್ದರೂ ಅದೇ ಕೋಡ್ ಬರುತ್ತದೆ.

ಸೆನ್ಸರನ್ನು ಪರೀಕ್ಷಿಸಲು ಆರಂಭಿಸಿದ ಒಂದು ಸಣ್ಣ ರೂಢಿ ಇಂದಿಗೂ ಬಿಟ್ಟಿಲ್ಲ. ಬೆಳಿಗ್ಗೆ ಹೊರಡುವ ಮೊದಲು, ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ, ಬಲ ಮೊಣಕಾಲಿನ ಬಳಿಯ ಹದಿನಾರು ಪಿನ್ನಿನ ಸಾಕೆಟ್ಟಿಗೆ ಅಡಾಪ್ಟರನ್ನು ಒತ್ತಿ, ಅದರ ನೀಲಿ ದೀಪ ಮಿನುಗುವವರೆಗೆ ಕಾಯುತ್ತೇನೆ. ಎಂಜಿನ್ ಓಡದಿರುವಾಗ ಆ ಸೆನ್ಸರ್ ತೋರಿಸುವುದು ಹೊರಗಿನ ವಾತಾವರಣದ ಒತ್ತಡವನ್ನೇ. ಪುತ್ತೂರಿನಲ್ಲಿ ಅದು 100 ಕಿಲೋಪ್ಯಾಸ್ಕಲ್. ಸಕಲೇಶಪುರದಲ್ಲಿ ಕಾಫಿಗೆ ನಿಂತು ಮತ್ತೆ ನೋಡಿದರೆ 91, ಊರು ಮುಟ್ಟಿ ಮನೆಯ ಅಂಗಳದಲ್ಲಿ ನೋಡಿದರೆ 90 ಅಥವಾ 91. ಘಟ್ಟ ಹತ್ತಿದ್ದೇವೆ ಎಂಬುದನ್ನು ಕಾರೇ ಅಳೆದು ಹೇಳುವ ಈ ಕ್ಷಣ ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ. ಕೊಳ್ಳುವಾಗ ನಿರೀಕ್ಷಿಸದಿದ್ದ ಸುಖವಿದು. ಅಂಕಿಗಳನ್ನು ಡ್ಯಾಶ್‌ಬೋರ್ಡಿನಲ್ಲಿಟ್ಟಿರುವ ಪುಸ್ತಕದಲ್ಲಿ ತಾರೀಕಿನೊಂದಿಗೆ ಬರೆದಿಡುತ್ತೇನೆ. ಸೆನ್ಸರ್ ಎರಡೂ ಕಡೆ ಸರಿಯಾದ ಅಂಕಿಯನ್ನೇ ಕೊಡುತ್ತಿದ್ದುದರಿಂದ ಅದರ ಮೇಲಿನ ಅನುಮಾನ ಬಹುಮಟ್ಟಿಗೆ ಕಡಿಮೆಯಾಯಿತು.

ಮುಂದಿನ ಹೆಜ್ಜೆ ಲಾಗ್ ಮಾಡುವುದು. ಆರಂಭದಲ್ಲಿ ನಾನು ಹನ್ನೆರಡು ಅಂಕಿಗಳನ್ನು ಒಟ್ಟಿಗೆ ದಾಖಲಿಸಲು ಹೋಗಿ ತಪ್ಪಿದೆ. ಇಂಥ ಅಡಾಪ್ಟರ್ ಒಂದೊಂದೇ ಪ್ರಶ್ನೆಯನ್ನು ಇಸಿಯುಗೆ ಕೇಳಿ ಉತ್ತರ ತರುವುದರಿಂದ, ಪಟ್ಟಿ ಬೆಳೆದಷ್ಟೂ ಪ್ರತಿಯೊಂದು ಅಂಕಿಯ ಸರದಿ ತಡವಾಗುತ್ತದೆ. ಹನ್ನೆರಡನ್ನು ಕೇಳಿದಾಗ ಗಾಳಿಯ ಒತ್ತಡದ ಅಂಕಿ ಎರಡು ಮೂರು ಸೆಕೆಂಡಿಗೊಮ್ಮೆ ಬರುತ್ತಿತ್ತು, ನಡುವೆ ನಡೆದದ್ದೆಲ್ಲ ಕಳೆದುಹೋಗುತ್ತಿತ್ತು. ಎಂಜಿನ್ ವೇಗ, ಗಾಳಿಯ ಒತ್ತಡ, ಎಂಜಿನ್ ಮೇಲಿನ ಭಾರ ಎಂಬ ಮೂರನ್ನು ಮಾತ್ರ ಉಳಿಸಿಕೊಂಡ ಮೇಲೆ ಸೆಕೆಂಡಿಗೆ ಮೂರು ನಾಲ್ಕು ಬಾರಿ ಅಂಕಿ ಸಿಗತೊಡಗಿತು. ಅಡಾಪ್ಟರ್ ಕೊಳ್ಳುವವರೆಲ್ಲ ಮೊದಲ ದಿನವೇ ಇದನ್ನು ತಿಳಿದಿರಬೇಕೆಂದು ನನ್ನ ಆಸೆ.

ಮುಂದಿನ ಪ್ರಯಾಣದಲ್ಲಿ ಮಗಳು ಪಕ್ಕದಲ್ಲಿ ಫೋನ್ ಹಿಡಿದು ಕುಳಿತಿದ್ದಳು; ಘಾಟಿಯಲ್ಲಿ ಓಡಿಸುವವರು ಪರದೆ ನೋಡುವಂತಿಲ್ಲ. ಕೆಂಪುಹೊಳೆಯ ಬಳಿಯ ಏರಿನಲ್ಲಿ "ಅಪ್ಪಾ, ಇನ್ನೂರ ಹದಿನೈದು ಇದ್ದದ್ದು ಇಳೀತಾ ಇದೆ" ಎಂದಳು. ನಾನು ಕಾಲನ್ನು ಸ್ವಲ್ಪವೂ ಸಡಿಲಿಸಿರಲಿಲ್ಲ. ಆರು ಸೆಕೆಂಡಿನ ನಂತರ ಕಾರು ಕುಂಟಿತು.

ಆ ರಾತ್ರಿ ಊರಿನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ಮಾಡಿ ನೋಡಿದಾಗ ಎಂಟು ತಿಂಗಳ ಗೊಂದಲ ಒಂದು ಗೆರೆಯಲ್ಲಿ ತಿಳಿಯಾಯಿತು. ಒತ್ತಡ 215ರಿಂದ 190ಕ್ಕೆ, 160ಕ್ಕೆ, 140ಕ್ಕೆ ನಿಧಾನವಾಗಿ ಜಾರಿತ್ತು. ಭಾರದ ಅಂಕಿ ಕೊನೆಯವರೆಗೂ ಮೇಲೆಯೇ ಇದ್ದು ಆಮೇಲೆ ಥಟ್ಟನೆ ಬಿದ್ದಿತ್ತು. ಅಂದರೆ ಒತ್ತಡ ಮೊದಲು ಕುಸಿಯಿತು, ಡೀಸೆಲ್ ಕಡಿತವಾದದ್ದು ಅದರ ನಂತರ. ಡೀಸೆಲ್ ಪೂರೈಕೆಯಲ್ಲಿ ದೋಷವಿದ್ದಿದ್ದರೆ ಈ ಕ್ರಮ ತಿರುವುಮುರುವಾಗಿರುತ್ತಿತ್ತು. ವೈರು ಸಡಿಲವಾಗಿದ್ದರೆ ಅಂಕಿ ಹೀಗೆ ಮೆಲ್ಲಗೆ ಜಾರದೆ ಒಮ್ಮೆಲೇ ಹಾರಿ ಬೀಳುತ್ತಿತ್ತು. ದೊಡ್ಡ ಪೈಪು ಸೀಳಿದ್ದರೆ ಗಾಳಿ ನುಗ್ಗುವ ಸದ್ದೂ ಕಪ್ಪು ಹೊಗೆಯೂ ಇರಬೇಕಿತ್ತು, ಅವೆರಡೂ ಇರಲಿಲ್ಲ. ಬಿಸಿಯಾದಾಗ ಮಾತ್ರ ಮೆಲ್ಲಗೆ ಬಿಗಿ ಕಳೆದುಕೊಳ್ಳುವಂಥದ್ದು ಏನೋ ಇದೆ ಎಂದು ಅನಿಸಿತು.

ನನ್ನ ಕಾರಿನ ಟರ್ಬೊದಲ್ಲಿ ರೆಕ್ಕೆಗಳ ಕೋನವನ್ನು ಬದಲಿಸುವ ಒಂದು ಸಣ್ಣ ರಾಡ್ ಇದೆ. ಅದನ್ನು ಎಳೆಯುವುದು ವ್ಯಾಕ್ಯೂಮ್. ವ್ಯಾಕ್ಯೂಮ್ ಕಡಿಮೆಯಾದರೆ ರೆಕ್ಕೆಗಳು ತೆರೆದುಕೊಂಡು ಒತ್ತಡ ಇಳಿಯುತ್ತದೆ. ಪರಿಚಯದ ಮೆಕ್ಯಾನಿಕ್ ಒಬ್ಬರಿಂದ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪನ್ನು ಎರವಲು ತಂದು ಮನೆಯಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಿತ್ತು, ಏಕೆಂದರೆ ಎಂಜಿನ್ ತಣ್ಣಗಿತ್ತು. ಅದೇ ಪರೀಕ್ಷೆಯನ್ನು ಮಾರನಹಳ್ಳಿ ದಾಟಿ, ರಸ್ತೆಯಿಂದ ದೂರ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೈಗವಸು ಹಾಕಿಕೊಂಡು ಬಿಸಿ ಎಂಜಿನ್ ಮೇಲೆ ಮಾಡಿದೆ. ರಾಡನ್ನು ಎಳೆಯುವ ಆಕ್ಚುಯೇಟರಿಗೆ ನೇರವಾಗಿ ಪಂಪ್ ಜೋಡಿಸಿ ಒತ್ತಿದಾಗ ಪಂಪಿನ ಮೀಟರಿನ ಮುಳ್ಳು ಏರಿದಲ್ಲಿಯೇ ನಿಂತಿತು, ರಾಡ್ ಕೂಡ ತಡೆಯಿಲ್ಲದೆ ಓಡಾಡಿತು. ಟರ್ಬೊ ನಿರಪರಾಧಿ ಎಂದು ಆಗಲೇ ಗೊತ್ತಾಯಿತು. ವ್ಯಾಕ್ಯೂಮನ್ನು ನಿಯಂತ್ರಿಸುವ ವಿದ್ಯುತ್ ಕವಾಟವಾದ ಸೊಲೆನಾಯ್ಡ್ ಕಡೆಯಿಂದ ಬರುವ ರಬ್ಬರ್ ಹೋಸಿನ ಒಂದು ತುದಿಯನ್ನು ಮುಚ್ಚಿ ಇನ್ನೊಂದು ತುದಿಗೆ ಪಂಪ್ ಜೋಡಿಸಿದಾಗ ಮುಳ್ಳು ಕಣ್ಣೆದುರೇ ಇಳಿಯುತ್ತ ಬಂದಿತು. ತಣಿದ ಮೇಲೆ ಹೋಸನ್ನು ಕೈಯಿಂದ ತಡವುತ್ತ ಹೋದರೆ, ಶಾಖ ತಡೆಯುವ ತಗಡಿನ ಹಿಂದೆ, ಅದು ಬ್ರಾಕೆಟ್ಟಿಗೆ ಉಜ್ಜುವ ಜಾಗದಲ್ಲಿ ಉಗುರಿನಷ್ಟು ಉದ್ದದ ಸೀಳು ಇತ್ತು. ತಣ್ಣಗಿದ್ದಾಗ ಅದು ಮುಚ್ಚಿಕೊಂಡಿರುತ್ತಿತ್ತು, ಬಿಸಿಯಾಗಿ ರಬ್ಬರ್ ಮೆತ್ತಗಾದಾಗ ಬಾಯಿ ಬಿಡುತ್ತಿತ್ತು.

ಒಂದೂವರೆ ಮೀಟರ್ ಸಿಲಿಕಾನ್ ಹೋಸಿಗೆ 180 ರೂಪಾಯಿ ಆಯಿತು. ಅದು ಬ್ರಾಕೆಟ್ಟಿಗೆ ತಾಗದಂತೆ ದೂರಕ್ಕೆ ಸರಿಸಿ ಕಟ್ಟಿದೆ. ಮುಂದಿನ ಏರಿನಲ್ಲಿ ಒತ್ತಡ 215ರ ಆಸುಪಾಸಿನಲ್ಲಿ ನಿಂತೇ ಇತ್ತು, ಪಿ0299 ಮತ್ತೆ ಬಂದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಹೊಗಳಿಕೆಯ ವಿಮರ್ಶೆಯಾಗುತ್ತಿತ್ತು. ಆದರೆ ಆ ಸಂತೋಷದಲ್ಲಿ ನಾನು ಅಡಾಪ್ಟರನ್ನು ಸಾಕೆಟ್ಟಿನಲ್ಲಿಯೇ ಬಿಡಲು ಆರಂಭಿಸಿದೆ. ಮಳೆಗಾಲದಲ್ಲಿ ಎರಡು ವಾರ ಕಾರು ತೆಗೆದಿರಲಿಲ್ಲ; ತೆಗೆಯಲು ಹೋದ ದಿನ ಸೆಂಟ್ರಲ್ ಲಾಕ್ ಕೂಡ ತೆರೆಯಲಿಲ್ಲ. ಓಬಿಡಿ ಸಾಕೆಟ್ಟಿನ ಹದಿನಾರನೆಯ ಪಿನ್ನಿಗೆ ಕೀ ತೆಗೆದ ಮೇಲೂ ಬ್ಯಾಟರಿಯ ಕರೆಂಟು ಬರುತ್ತಲೇ ಇರುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದರೆ ಈ ಅಡಾಪ್ಟರ್ 45 ಮಿಲಿಆಂಪಿಯರ್ ಎಳೆಯುತ್ತಿತ್ತು. ಎರಡು ವಾರಕ್ಕೆ ಲೆಕ್ಕ ಹಾಕಿದರೆ ಸುಮಾರು 15 ಆಂಪಿಯರ್ ಗಂಟೆ. ನಾಲ್ಕು ವರ್ಷ ದುಡಿದಿದ್ದ ಬ್ಯಾಟರಿಗೆ ಅಷ್ಟು ಸಾಕಾಯಿತು. ಚಾರ್ಜ್ ಮಾಡಿಸಿದರೂ ಚೇತರಿಸಿಕೊಳ್ಳದೆ ಹೊಸದಕ್ಕೆ 5,800 ರೂಪಾಯಿ ತೆರಬೇಕಾಯಿತು. ಕೆಲಸವಿಲ್ಲದಾಗ ತಾನೇ ನಿದ್ರೆಗೆ ಹೋಗುವ ಅಡಾಪ್ಟರ್‌ಗಳಿವೆ, ಅವಕ್ಕೆ ಬೆಲೆ ಹೆಚ್ಚು. ಇದರಲ್ಲಿ ಆ ಸೌಲಭ್ಯವಿಲ್ಲ ಎಂಬುದು ನನ್ನ ಸಿಟ್ಟಿಗೆ ಕಾರಣವಲ್ಲ. ಬಳಸಿದ ಮೇಲೆ ತೆಗೆದಿಡಿ ಎಂಬ ಒಂದು ಸಾಲನ್ನು ಕೈಪಿಡಿಯಲ್ಲಿ ಎಲ್ಲಿಯೂ ಮುದ್ರಿಸಿಲ್ಲ ಎಂಬುದಕ್ಕೆ ಇನ್ನೂ ಸಿಟ್ಟಿದೆ. ಬ್ಲೂಟೂತ್ ಜೋಡಣೆಯ ಗುಪ್ತಸಂಖ್ಯೆ 1234 ಆಗಿದ್ದು ಅದನ್ನು ಬದಲಿಸಲು ಬರುವುದಿಲ್ಲ ಎಂಬುದು ಇದನ್ನು ಸಾಕೆಟ್ಟಿನಲ್ಲಿ ಬಿಡದಿರಲು ಇನ್ನೊಂದು ಕಾರಣ.

ದಿನವೂ ಕಿತ್ತು ಹಾಕಿದರೆ ಸಾಕೆಟ್ಟಿನ ಪಿನ್ನುಗಳು ಸಡಿಲವಾಗುತ್ತವೆಂದು 350 ರೂಪಾಯಿಯ, ಸ್ವಿಚ್ ಇರುವ ಮೋಟು ಕೇಬಲ್ ಒಂದನ್ನು ನಡುವೆ ಹಾಕಿಕೊಂಡಿದ್ದೇನೆ. ಎಬಿಎಸ್, ಏರ್‌ಬ್ಯಾಗುಗಳ ಕೋಡುಗಳನ್ನು ಇದು ನನ್ನ ಕಾರಿನಲ್ಲಿ ಓದುವುದಿಲ್ಲ, ಅದಕ್ಕೆ ಗ್ಯಾರೇಜಿಗೇ ಹೋಗಬೇಕು. ಹೊಸ ಕಾರಿದ್ದು ವಾರಂಟಿ ಉಳಿದಿರುವವರಿಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ನನ್ನಂತೆ ಹಳೆಯ ಡೀಸೆಲ್ ಕಾರನ್ನು ಇನ್ನೂ ಐದಾರು ವರ್ಷ ಓಡಿಸಬೇಕಾದವರು, ಅಂಕಿಗಳನ್ನು ಬರೆದಿಡುವ ತಾಳ್ಮೆಯಿರುವವರು ಕೊಳ್ಳಬಹುದು. ಬ್ಯಾಟರಿ ಹೋದ ನಷ್ಟವನ್ನು ಸೇರಿಸಿಯೂ ನಾನು ಇದನ್ನು ಮತ್ತೆ ಕೊಳ್ಳುತ್ತೇನೆ. ಸೀಳಿದ ಹೋಸಿನ ತುಂಡನ್ನು ಆ ಪುಸ್ತಕದ ಜೊತೆಯಲ್ಲೇ ಇಟ್ಟಿದ್ದೇನೆ. ಟರ್ಬೊ ಬದಲಾಯಿಸಬೇಕೆಂದು ಬರೆದುಕೊಟ್ಟಿದ್ದ ಗ್ಯಾರೇಜಿನವರಿಗೆ ಅದನ್ನೂ ಗ್ರಾಫನ್ನೂ ಕಳೆದ ತಿಂಗಳು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, ಆ ಗ್ರಾಫನ್ನು ತಮ್ಮ ಫೋನಿಗೆ ಕಳಿಸಿಕೊಡಿ ಎಂದು ಕೇಳಿ ತೆಗೆದುಕೊಂಡರು.